ಡೇರಿ ಲೆಕ್ಕದ ರಿಪೋರ್ಟ್ ನಿಧಾನವಾಗಿದ್ದರೆ

ಮಂಡ್ಯ ಕಡೆ ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡುವವರ ಗಮನಕ್ಕೆ. 200 ಜನ ಹಾಲು ಹಾಕುವ ಸಂಘದಲ್ಲಿ ಬೆಳಿಗ್ಗೆ, ಸಂಜೆ ಸೇರಿ ಡೇಟಾಬೇಸ್‌ನಲ್ಲಿ ವರ್ಷಕ್ಕೆ 1,46,000 ಸಾಲು. ನೂರು ಸಂಘವಾದರೆ ಒಂದೂವರೆ ಕೋಟಿ ಹತ್ತಿರ. ಬಟವಾಡೆ ದಿನ ರಿಪೋರ್ಟ್ ಸುತ್ತುತ್ತಲೇ ಇದ್ದರೆ, ಸರ್ವರ್‌ಗೆ ರ‍್ಯಾಮ್ ಹಾಕಿಸುವ ಮುಂಚೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕ್ವೆರಿಯ (ಮಾಹಿತಿ ಕೇಳುವ ಆದೇಶದ) ಮುಂದೆ 'ಎಕ್ಸ್‌ಪ್ಲೇನ್ ಅನಲೈಜ್' ಸೇರಿಸಿ, ಅದು ಹೇಗೆ ಓಡುತ್ತಿದೆ ನೋಡಿ. (ಅಪ್‌ಡೇಟ್, ಡಿಲೀಟ್‌ಗೆ ಸೇರಿಸೀರಿ ಜೋಕೆ, ಅದು ನಿಜಕ್ಕೂ ಓಡಿಬಿಡುತ್ತದೆ.) 'ಸೀಕ್ ಸ್ಕ್ಯಾನ್' (ಇಡೀ ಟೇಬಲ್ ಸಾಲುಸಾಲಾಗಿ ಓದುವುದು) ಕಂಡು, ಕೋಟಿ ಸಾಲು ಓದಿ ಕೆಲವು ಸಾವಿರ ಮಾತ್ರ ಉಳಿಸಿಕೊಂಡಿದ್ದರೆ ಇಂಡೆಕ್ಸ್ (ಬೇಕಾದ ಸಾಲು ಬೇಗ ಹುಡುಕಿಕೊಡುವ ಸೂಚಿ) ಬೇಕು.

ಸಂಘದ ಕೋಡ್ ಮೊದಲು, ತಾರೀಖು ಆಮೇಲೆ, ಎರಡೂ ಸೇರಿದ ಒಂದೇ ಇಂಡೆಕ್ಸ್. ತಿರುಗಾಮುರುಗಾ ಕಟ್ಟಿದರೆ ಒಂದು ಸಂಘದ ಲೆಕ್ಕಕ್ಕೆ ಆ ಅವಧಿಯ ಎಲ್ಲ ಸಂಘಗಳ ನಮೂದನ್ನೂ ತಡಕಾಡಬೇಕಾಗಬಹುದು.

ಇಂಡೆಕ್ಸ್ ಇದ್ದೂ ಬಳಕೆಯಾಗುತ್ತಿಲ್ಲವೇ? ಸಾಮಾನ್ಯವಾಗಿ ತಾರೀಖಿನ ಕಾಲಂಗೆ ಯಾರೋ ಫಂಕ್ಷನ್ ಸುತ್ತಿರುತ್ತಾರೆ. ತಿಂಗಳು ಬಿಡಿಸಿ ಹೋಲಿಸುವ ಬದಲು 'ಜೂನ್ 1ರಿಂದ, ಜುಲೈ 1ಕ್ಕಿಂತ ಮುಂಚೆ' ಎಂದು ಷರತ್ತು ಬರೆಯಿರಿ.

ಹಾಲು ಅಳೆಯುವ ಹೊತ್ತಲ್ಲಿ ಬರೀ 'ಕ್ರಿಯೇಟ್ ಇಂಡೆಕ್ಸ್' ಕೊಟ್ಟರೆ ಅದು ಮುಗಿಯುವವರೆಗೆ ಎಂಟ್ರಿ ನಿಲ್ಲುತ್ತದೆ. 'ಕನ್‌ಕರೆಂಟ್ಲಿ' ಸೇರಿಸಿ, ಎಂಟ್ರಿ ನಿಲ್ಲುವುದಿಲ್ಲ; ಟ್ರಾನ್ಸಾಕ್ಷನ್ (ಬಿಗಿನ್, ಕಮಿಟ್ ನಡುವಿನ ಭಾಗ) ಒಳಗೆ ಮಾತ್ರ ಬೇಡ. ಮಧ್ಯೆ ಕೆಟ್ಟರೆ ಇನ್‌ವ್ಯಾಲಿಡ್ (ಬಳಕೆಗೆ ಬಾರದ) ಇಂಡೆಕ್ಸ್ ಉಳಿದಿರುತ್ತದೆ, ಡ್ರಾಪ್ ಮಾಡಿ ಮತ್ತೆ ಕಟ್ಟಿ.