ಮ್ಯೂಸಿಯಂ, ಸಸ್ಯೋದ್ಯಾನದಲ್ಲಿ ಸ್ವಯಂಸೇವಕರಾಗಬೇಕೆ? ಹೀಗೆ ಶುರು ಮಾಡಿ

ಜನರೇ ಸೇರಿ ಕಟ್ಟಿ ನಡೆಸುವ ಮ್ಯೂಸಿಯಂಗಳಲ್ಲಿ, ಅವುಗಳ ಜೊತೆಗಿರುವ ಸಸ್ಯೋದ್ಯಾನಗಳಲ್ಲಿ ಸಂಬಳದ ಸಿಬ್ಬಂದಿ ಕಡಿಮೆ, ಕೆಲಸ ಮಾತ್ರ ಜಾಸ್ತಿ. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿಯು 2022ರಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿಕೊಂಡ ‘ಮ್ಯೂಸಿಯಂ’ ಪದದ ವ್ಯಾಖ್ಯೆಯಲ್ಲೂ ಸಮುದಾಯಗಳ ಪಾಲ್ಗೊಳ್ಳುವಿಕೆಯ ಮಾತಿದೆ. ಆದರೂ ಹುಮ್ಮಸ್ಸಿನಿಂದ ಸೇರಿದ ಎಷ್ಟೋ ಮಂದಿ ಬೇಗನೆ ಬಿಟ್ಟುಬಿಡುತ್ತಾರೆ. ಅವರು ಅಂದುಕೊಂಡ ಕೆಲಸ ಒಂದು, ಅಲ್ಲಿರುವ ಕೆಲಸ ಇನ್ನೊಂದು.

ಮೊದಲು ಸುಮ್ನೆ ನೋಡಿ ಬನ್ನಿ

ಅರ್ಜಿ ಹಾಕುವ ಮುಂಚೆ ಒಮ್ಮೆ ಸಂದರ್ಶಕರಾಗಿ ಹೋಗಿ. ಯಾವ ಫಲಕದ ಅಕ್ಷರ ಮಾಸಿದೆ? ಯಾವ ಗಿಡಕ್ಕೆ ಹೆಸರಿನ ಪಟ್ಟಿಯೇ ಇಲ್ಲ? ಬಂದವರು ಎಲ್ಲಿ ದಾರಿ ಗೊತ್ತಾಗದೆ ನಿಲ್ಲುತ್ತಾರೆ? ಇಷ್ಟು ಗಮನಿಸಿದರೆ ಮುಂದೆ ಮಾತಾಡಲು ವಿಷಯ ಸಿಗುತ್ತದೆ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಅದರ ಆಸುಪಾಸಿನಲ್ಲಿ ಹಲವು ಕಡೆ ಕಾರ್ಯಕ್ರಮ ಇರುವುದರಿಂದ ಹೆಚ್ಚುವರಿ ಕೈಗಳು ಬೇಕಾಗುತ್ತವೆ. ಸೇರಲು ಅದು ಒಳ್ಳೆಯ ಸಮಯ.

ಕೇಳಿ, ಬರೆಸಿಕೊಳ್ಳಿ

ಸ್ವಯಂಸೇವಕರನ್ನು ನೋಡಿಕೊಳ್ಳುವವರು ಯಾರೆಂದು ತಿಳಿದು ಅವರನ್ನೇ ಭೇಟಿಯಾಗಿ. ಕೆಲಸ ಏನು, ಯಾರ ಕೈಕೆಳಗೆ, ತರಬೇತಿ ಇದೆಯೇ, ಗಾಯವಾದರೆ ವಿಮೆ ಇದೆಯೇ ಎಂದು ಕೇಳಿ. ಸಂಕೋಚ ಬೇಡ. ಮಕ್ಕಳ ಜೊತೆ ಕೆಲಸ ಮಾಡುವುದಾದರೆ ನಿಮ್ಮ ಹಿನ್ನೆಲೆ ವಿಚಾರಿಸಬಹುದು, ಬೇಜಾರು ಮಾಡಿಕೊಳ್ಳಬೇಡಿ. ಸಮಯದ ವಿಷಯದಲ್ಲಿ ಮಾತ್ರ ದೊಡ್ಡ ಮಾತು ಕೊಡಬೇಡಿ. ವಾರಕ್ಕೆ ಎರಡು ಗಂಟೆ ತಪ್ಪದೆ ಬರುವವರನ್ನು ನೆಚ್ಚಿಕೊಂಡು ಕೆಲಸ ಹಂಚಬಹುದು. ಇಡೀ ದಿನ ಬರುತ್ತೇನೆಂದು ಹೇಳಿ ಬಾರದವರಿಂದ ತೊಂದರೆಯೇ ಹೆಚ್ಚು.

ಒಳಗಿನ ಕೆಲಸ: ನಂಬರೇ ಮುಖ್ಯ

ಮ್ಯೂಸಿಯಂ ಎಂದರೆ ಹಳೆಯ ವಸ್ತುಗಳನ್ನು ಒರೆಸಿಡುವ ಕೆಲಸ ಎಂದುಕೊಂಡು ಬರುವವರಿದ್ದಾರೆ. ನಿಜವಾಗಿ ಹೆಚ್ಚು ಸಮಯ ಹೋಗುವುದು ದಾಖಲೆಗೆ. ಪ್ರತಿ ವಸ್ತುವಿಗೂ ಒಂದು ನಂಬರ್ ಇರುತ್ತದೆ. ಒಂದು ಸಾಮಾನ್ಯ ಪದ್ಧತಿ ಹೀಗಿದೆ: 2024.12.3 ಎಂದರೆ 2024ರಲ್ಲಿ ಬಂದ ಹನ್ನೆರಡನೇ ಕಂತಿನ ಮೂರನೇ ವಸ್ತು. ಈ ನಂಬರ್ ಹಿಡಿದೇ ಕೊಟ್ಟವರು ಯಾರು, ಎಲ್ಲಿ ಬಳಸುತ್ತಿದ್ದರು ಎಂಬುದನ್ನೆಲ್ಲ ಹುಡುಕಬೇಕು. ನಂಬರ್ ಕಳೆದರೆ ವಸ್ತು ಉಳಿಯುತ್ತದೆ, ಅದರ ಕಥೆ ಹೋಗುತ್ತದೆ. ಹಾಗಾಗಿ ಒಂದು ವಸ್ತುವನ್ನು ಈ ಕಪಾಟಿನಿಂದ ಆ ಕಪಾಟಿಗೆ ಸರಿಸಿದರೂ ಕೂಡಲೇ ಬರೆದಿಡಿ. ‘ಆಮೇಲೆ ಬರೆದರಾಯ್ತು’ ಎನ್ನುವವರಿಗೆ ಈ ಕೆಲಸ ಒಗ್ಗುವುದಿಲ್ಲ.

ಮುಟ್ಟುವುದಕ್ಕೂ ಕ್ರಮವಿದೆ. ಲೋಹಕ್ಕೆ, ಫೋಟೊಗಳಿಗೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಬೇಕು. ಬೆವರು, ಜಿಡ್ಡು ಅವುಗಳ ಮೇಲೆ ಕಲೆ ಬಿಡುತ್ತವೆ. ಹಳೆಯ ಕಾಗದಕ್ಕೆ ಮಾತ್ರ ಸಾಮಾನ್ಯವಾಗಿ ತೊಳೆದು ಒಣಗಿಸಿದ ಬರಿಗೈಯೇ ವಾಸಿ. ಸಿನಿಮಾದಲ್ಲಿ ತೋರಿಸುವ ಬಿಳಿ ಹತ್ತಿಯ ಗವಸು ಹಾಕಿದರೆ ಬೆರಳಿಗೆ ಸ್ಪರ್ಶ ತಿಳಿಯದೆ ಹಾಳೆ ಹರಿಯಬಹುದು. ಯಾವ ವಸ್ತುವನ್ನೂ ಹಿಡಿಯಿಂದ ಎತ್ತಬೇಡಿ, ತಳಕ್ಕೆ ಎರಡೂ ಕೈ ಕೊಡಿ. ಎತ್ತುವ ಮುಂಚೆಯೇ ಎಲ್ಲಿ ಇಡುತ್ತೀರಿ ಎಂದು ಜಾಗ ಮಾಡಿಕೊಳ್ಳಿ. ಚರ್ಮ ಸುಲಿದು ತುಂಬಿಟ್ಟ ಹಳೆಯ ಪ್ರಾಣಿಪಕ್ಷಿಗಳನ್ನು ಹೇಳದೆ ಮುಟ್ಟಲೇಬೇಡಿ. ಹಿಂದೆ ಹುಳು ಹತ್ತದಂತೆ ಅವಕ್ಕೆ ಆರ್ಸೆನಿಕ್ ಬಳಿಯುತ್ತಿದ್ದರು, ಆ ವಿಷ ಇನ್ನೂ ಉಳಿದಿರಬಹುದು.

ಬಟ್ಟೆ, ಕಾಗದ ಇಟ್ಟ ಕೋಣೆ ಮಬ್ಬಾಗಿದ್ದರೆ ದೀಪ ಹಾಕಲು ಓಡಬೇಡಿ. ಅಂಥ ವಸ್ತುಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಎಂದರೆ ಬೆಳಕು ಅಳೆಯುವ ಮಾನ) ಬೆಳಕು ಸಾಕು ಎನ್ನುವುದು ಲೆಕ್ಕ. ಒಮ್ಮೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಒಳಗೆ ತಿಂಡಿ ತರಬಾರದು ಎನ್ನುವ ನಿಯಮದ ಹಿಂದೆಯೂ ಕಾರಣವಿದೆ. ಚೂರುಪಾರು ಬಿದ್ದರೆ ಹುಳು ಬರುತ್ತವೆ. ಕಾಗದ ತಿನ್ನುವ ಸಿಲ್ವರ್‌ಫಿಶ್ ಎಂಬ ಕೀಟ, ಉಣ್ಣೆ ತಿನ್ನುವ ದುಂಬಿಯ ಮರಿಹುಳು ಬಂದಿವೆಯೇ ಎಂದು ಅಂಟುಬಲೆ ಇಟ್ಟು ನೋಡುತ್ತಾರೆ. ಆ ಬಲೆಗಳನ್ನು ಪರೀಕ್ಷಿಸಿ, ಸಿಕ್ಕ ಹುಳುಗಳನ್ನು ಎಣಿಸಿ ತಾರೀಕಿನ ಸಮೇತ ಬರೆಯುವುದು ಹೊಸಬರಿಗೆ ಒಳ್ಳೆಯ ಕೆಲಸ. ಅಷ್ಟೇನೂ ಚೆಂದದ ಕೆಲಸವಲ್ಲ, ಆದರೆ ತುಂಬಾ ಉಪಯೋಗದ್ದು.

ಹೊರಗಿನ ಕೆಲಸ: ಕೀಳುವ ಮುಂಚೆ ಕೇಳಿ

ಸಸ್ಯೋದ್ಯಾನ ಮತ್ತು ಪಾರ್ಕ್ ನೋಡಲು ಒಂದೇ ಥರ. ವ್ಯತ್ಯಾಸ ಇರುವುದು ದಾಖಲೆಯಲ್ಲಿ. ಇಟಲಿಯ ಪಡುವಾ ಸಸ್ಯೋದ್ಯಾನ ಶುರುವಾದದ್ದು 1545ರಲ್ಲಿ. 1585ರಲ್ಲಿ ನೆಟ್ಟ ತಾಳೆ ಜಾತಿಯ ಗಿಡವೊಂದು ಅಲ್ಲಿ ಇವತ್ತಿಗೂ ಇದೆ. ಯಾರೋ ಬರೆದಿಟ್ಟಿದ್ದಕ್ಕೇ ಅದರ ವಯಸ್ಸು ನಮಗೆ ಗೊತ್ತು, ಅಲ್ವಾ? ಹಾಗಾಗಿ ಕಳೆ ಕೀಳುವಾಗ ಹೆಸರಿನ ಪಟ್ಟಿಯನ್ನು ಕಿತ್ತು ಪಕ್ಕಕ್ಕಿಡಬೇಡಿ. ಎರಡು ಗಿಡಗಳ ಪಟ್ಟಿ ಅದಲುಬದಲಾದರೆ ಅದು ಯಾರಿಗೂ ತಿಳಿಯದೆ ವರ್ಷಗಟ್ಟಲೆ ಹಾಗೇ ಇರಬಹುದು.

ಕಳೆ ಕೀಳುವುದು ಸುಲಭ ಎನ್ನಿಸುತ್ತದೆ. ಇಲ್ಲಿ ಹಾಗಲ್ಲ. ಕಳೆಯಂತೆ ಕಾಣುವ ಪುಟ್ಟ ಸಸಿ ಅಪರೂಪದ ಗಿಡದ ಬೀಜದಿಂದ ತಾನಾಗಿ ಹುಟ್ಟಿದ್ದಿರಬಹುದು. ಒಂದನ್ನು ಕಿತ್ತು ತೋರಿಸಿ, ‘ಇದೇ ತಾನೇ?’ ಎಂದು ಕೇಳಿ ಮುಂದುವರಿಯಿರಿ. ಒಂದು ಗಿಡ ಕತ್ತರಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತರಿಯನ್ನು 70 ಶೇಕಡಾ ಆಲ್ಕೊಹಾಲ್‌ನಿಂದ ಒರೆಸಿ. ಇಲ್ಲದಿದ್ದರೆ ರೋಗವೂ ಜೊತೆಗೆ ಹೋಗುತ್ತದೆ. ಬುಡಕ್ಕೆ ಒಣ ಎಲೆ ಹೊದಿಸುವಾಗ ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ, ತೇವ ನಿಂತರೆ ಕಾಂಡ ಕೊಳೆಯುತ್ತದೆ.

ಬಿಸಿಲು ಆಗದವರಿಗೆ ಹರ್ಬೇರಿಯಂ ಇದೆ. ಒತ್ತಿ ಒಣಗಿಸಿದ ಗಿಡಗಳನ್ನು ಸುಮಾರು 42 ಸೆಂ.ಮೀ. ಉದ್ದ, 29 ಸೆಂ.ಮೀ. ಅಗಲದ ಗಟ್ಟಿ ಹಾಳೆಗೆ ಅಂಟಿಸುವುದು, ಪಕ್ಕದಲ್ಲಿ ಚೀಟಿ ಬರೆಯುವುದು ಅಲ್ಲಿನ ಕೆಲಸ. ಚೀಟಿಯಲ್ಲಿ ಸ್ಥಳ, ತಾರೀಕು, ತಂದವರ ಹೆಸರು ಇರಲೇಬೇಕು. ಹೂವಿನ ಬಣ್ಣವನ್ನು ಕಿತ್ತಾಗಲೇ ಬರೆಯಿರಿ. ಒಣಗಿದ ಮೇಲೆ ಕೆಂಪು ಯಾವುದು, ನೇರಳೆ ಯಾವುದು ಎಂದು ಹೇಳುವುದು ಕಷ್ಟ.

ಬಂದವರ ಜೊತೆ ಮಾತು

ವಿವರಿಸಿ ತೋರಿಸುವ ಕೆಲಸ ಎಲ್ಲರಿಗೂ ಇಷ್ಟ, ಅದಕ್ಕೇ ಸರದಿಯೂ ಉದ್ದ. ಇಡೀ ಮ್ಯೂಸಿಯಂ ಬಾಯಿಪಾಠ ಮಾಡಬೇಡಿ. ಮೂರು ವಸ್ತು, ಮೂರು ಗಿಡ ಚೆನ್ನಾಗಿ ತಿಳಿದುಕೊಳ್ಳಿ. ಗೊತ್ತಿಲ್ಲದ್ದನ್ನು ಕೇಳಿದರೆ ‘ಕೇಳಿ ಹೇಳುತ್ತೇನೆ’ ಎನ್ನಿ. ಯಾವ ಗಿಡ ಯಾವ ಕಾಯಿಲೆಗೆ ಮದ್ದು ಎಂದು ಸಲಹೆ ಕೊಡಲು ಮಾತ್ರ ಹೋಗಬೇಡಿ. ಸಂದರ್ಶಕರೇ ಎಷ್ಟೋ ಸಲ ಹೊಸ ಮಾಹಿತಿ ಕೊಡುತ್ತಾರೆ. ಹಳೆಯ ಫೋಟೊದಲ್ಲಿರುವ ಮುಖವನ್ನು ಗುರುತಿಸಿದರೆ, ಅವರ ಒಪ್ಪಿಗೆ ಪಡೆದು ಅದನ್ನೂ ಆ ಫೋಟೊದ ನಂಬರಿನ ಮುಂದೆ ಸೇರಿಸಿ.

ಬಿಡುವಾಗ

ಕೆಲವರು ಒಂದು ದಿನ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. ಅವರು ಮಾಡುತ್ತಿದ್ದ ದಾಖಲೆ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ. ಬಿಡುವುದಾದರೆ ಮೊದಲೇ ತಿಳಿಸಿ. ಕೀಲಿ, ಗುರುತಿನ ಚೀಟಿ ಹಿಂದಿರುಗಿಸಿ. ಯಾವ ಕಪಾಟಿನವರೆಗೆ ನಂಬರ್ ಹಾಕಿದ್ದೀರಿ, ಯಾವ ಸಾಲಿನ ಗಿಡದವರೆಗೆ ಪಟ್ಟಿ ಪರೀಕ್ಷಿಸಿದ್ದೀರಿ ಎಂದು ಒಂದು ಹಾಳೆಯಲ್ಲಿ ಬರೆದು, ಮುಂದೆ ಆ ಕೆಲಸ ಮಾಡುವವರ ಕೈಗೇ ಕೊಡಿ.