ರಾಡಾರ್ ಗನ್ ಬದಿಗಿಟ್ಟು ಪಿಚಿಂಗ್ ಕಲಿಸಿದ್ದು: ನನ್ನ ಅನುಭವ
ಟೆಕ್ಸಸ್‌ನ ಆಸ್ಟಿನ್ ಹೊರವಲಯದಲ್ಲಿ ಹನ್ನೆರಡು ವರ್ಷದೊಳಗಿನ ಹುಡುಗಿಯರಿಗೆ ಬಿಡುವಿನ ವೇಳೆಯಲ್ಲಿ ಸಾಫ್ಟ್‌ಬಾಲ್ ಪಿಚಿಂಗ್, ಅಂದರೆ ಬೇಸ್‌ಬಾಲ್‌ನಂಥ ಈ ಆಟದಲ್ಲಿ ತೋಳನ್ನು ಸುತ್ತಿಸಿ ಕೆಳಗಿನಿಂದ ಬ್ಯಾಟರ್‌ಗೆ ಚೆಂಡೆಸೆಯುವುದನ್ನು, ಹೇಳಿಕೊಡುತ್ತೇನೆ. ಮಗಳನ್ನು ಕರೆತರುವ ತಂದೆತಾಯಂದಿರು ಮೊದಲು ವಿಚಾರಿಸುವುದು ಎಸೆತದ ವೇಗವನ್ನೇ. ಅವರ ಮುಂದೆ ನಾನು ಇದೇ ಊರಿನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಆಡಿದ, ಹ್ಯೂಸ್ಟನ್ ಮೂಲದ ಎಡಗೈ ಪಿಚರ್ ಕ್ಯಾಟ್ ಆಸ್ಟರ್‌ಮನ್ ಅವರ ಲೆಕ್ಕವನ್ನು ಇಡುತ್ತೇನೆ.

2002ರಿಂದ 2006ರವರೆಗೆ, ಒಲಿಂಪಿಕ್ಸ್‌ಗಾಗಿ 2004ನ್ನು ಬಿಟ್ಟು, ನಾಲ್ಕು ಋತುಗಳಲ್ಲಿ ಅವರು ಪಡೆದ ಸ್ಟ್ರೈಕ್‌ಔಟ್‌ಗಳು, ಅಂದರೆ ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ಗಳನ್ನು ಔಟ್ ಮಾಡಿದ್ದು, 2,265. ಏಳು ಇನಿಂಗ್ಸ್‌ಗೆ ಸರಾಸರಿ 14.34. ಪಂದ್ಯಕ್ಕೆ ಏಳು ಇನಿಂಗ್ಸ್, ಇನಿಂಗ್ಸ್‌ಗೆ ಮೂರು ಔಟ್; ಹೀಗೆ ಒಂದು ಪಂದ್ಯದಲ್ಲಿ ಬೇಕಾದ 21 ಔಟ್‌ಗಳಲ್ಲಿ ಮೂರನೇ ಎರಡು ಭಾಗವನ್ನು ಒಬ್ಬರೇ ಸ್ಟ್ರೈಕ್‌ಔಟ್‌ನಿಂದ ಪಡೆದಂತಾಯಿತು. ಅವರ ಸಮಕಾಲೀನೆ, ಎಡಗೈಯವರೇ ಆದ ಮೋನಿಕಾ ಅಬಾಟ್ 2012ರಲ್ಲಿ ಗಂಟೆಗೆ 77 ಮೈಲಿ ವೇಗದಲ್ಲಿ ಎಸೆದು ದಾಖಲೆ ಮಾಡಿದ್ದರೆ, ಆಸ್ಟರ್‌ಮನ್ ಅರವತ್ತರ ಆಸುಪಾಸಿನ ವೇಗದಲ್ಲಿಯೇ, ಚೆಂಡಿನ ತಿರುವನ್ನು ನಂಬಿ ಆಡಿದವರು. ಆದ್ದರಿಂದ ನನ್ನ ಅಭ್ಯಾಸದಲ್ಲಿ ವೇಗ ಅಳೆಯುವ ರಾಡಾರ್ ಗನ್ ಚೀಲದಿಂದ ಹೊರಬರುವುದೇ ಇಲ್ಲ.

ಬ್ಯಾಟರ್ ಹತ್ತಿರ ಬಂದಂತೆ ಕೆಳಕ್ಕಿಳಿಯುವ ಡ್ರಾಪ್‌ಬಾಲ್ ಕಲಿಸುವಾಗ ಚೆಂಡಿನ ನಡುವೆ ಬಣ್ಣದ ಟೇಪ್ ಸುತ್ತಿ, ಹುಡುಗಿಯನ್ನು ಬಲೆಯ ಹತ್ತಿರವೇ ನಿಲ್ಲಿಸಿ, ತೋಳನ್ನು ಪೂರ್ತಿ ಸುತ್ತಿಸದೆ ಮಣಿಕಟ್ಟಿನಿಂದಷ್ಟೇ ಎಸೆಯಲು ಹೇಳುತ್ತೇನೆ. ಬೆರಳುಗಳು ಚೆಂಡಿನ ಹಿಂಭಾಗವನ್ನು ಕೆಳಗಿನಿಂದ ಮೇಲಕ್ಕೆ ಸವರಿಕೊಂಡು ಬಿಟ್ಟರೆ ಚೆಂಡು ಮುಂದಕ್ಕೆ ಉರುಳುವಂತೆ ತಿರುಗುತ್ತದೆ, ಟೇಪ್ ಅಲುಗಾಡದ ಒಂದೇ ಗೆರೆಯಾಗಿ ಕಾಣುತ್ತದೆ. ಮಣಿಕಟ್ಟು ಪಕ್ಕಕ್ಕೆ ವಾಲಿದರೆ ಗೆರೆ ಓಲಾಡುತ್ತದೆ. ಮಗುವಿಗೆ ತನ್ನ ತಪ್ಪು ತಾನೇ ಕಾಣುವುದರಿಂದ ನಾನು ಬಾಯಿ ಹಾಕುವ ಪ್ರಮೇಯ ಬರುವುದಿಲ್ಲ. ಹೀಗೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಕ್ರಿಕೆಟ್ ನೋಡಿ ಬೆಳೆದ ನಮ್ಮ ಕನ್ನಡದ ಅಪ್ಪಂದಿರಿಗೆ ಟಾಪ್‌ಸ್ಪಿನ್ನರ್ ಎಂದರೆ ಸಾಕು, ವಿವರಣೆ ಮುಗಿಯಿತು. ಗೆರೆ ನೆಟ್ಟಗಾದ ಮೇಲೆ ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಹೋಮ್ ಪ್ಲೇಟಿನ ತುಸು ಮುಂದೆ ಅಡ್ಡಲಾಗಿ ದಾರ ಕಟ್ಟಿ, ದಾರದ ಮೇಲಿಂದ ಹಾಯ್ದ ಚೆಂಡು ಅದರ ಹಿಂದೆ ಕುಳಿತ ಕ್ಯಾಚರ್ ಕೈಗೆ ದಾರಕ್ಕಿಂತ ಕೆಳಗೆ ಸೇರಬೇಕೆಂಬ ನಿಯಮ ಹಾಕುತ್ತೇನೆ. ಈ ವಯಸ್ಸಿನವರು 40 ಅಡಿಯಿಂದ ಎಸೆಯುತ್ತಾರೆ, ಕಾಲೇಜಿನಲ್ಲಿ ಅದು 43 ಅಡಿ. ದೂರ ಹೆಚ್ಚಿದಂತೆ ಇಳಿತಕ್ಕೆ ಅವಕಾಶವೂ ಹೆಚ್ಚುತ್ತದೆ.

ಸೋಲಿನ ಮಾತು ಬಂದಾಗಲೂ ಆಸ್ಟರ್‌ಮನ್ ಅವರ ವೃತ್ತಿಜೀವನವೇ ಕೈಗೆ ಬರುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಸಿಕ್ಕಿತು. ಆದರೆ ಟೆಕ್ಸಸ್ ತಂಡ 2003, 2005, 2006ರಲ್ಲಿ ಅಮೆರಿಕದ ಕಾಲೇಜು ತಂಡಗಳ ಅಂತಿಮ ಕೂಟವಾದ ಕಾಲೇಜು ವಿಶ್ವ ಸರಣಿಗೆ ಹೋಗಿಯೂ ಪ್ರಶಸ್ತಿ ಗೆಲ್ಲಲಿಲ್ಲ, 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕ ಜಪಾನ್‌ಗೆ 3-1ರಿಂದ ಸೋತಿತು. ಮುಂದಿನ ಎರಡು ಒಲಿಂಪಿಕ್ಸ್‌ಗಳಲ್ಲಿ ಈ ಆಟವೇ ಇರಲಿಲ್ಲ. 2015ರಲ್ಲಿ ನಿವೃತ್ತರಾದ ಅವರು ಸ್ಯಾನ್ ಮಾರ್ಕಸ್‌ನ ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೋಚಿಂಗ್ ಮಾಡುತ್ತಿದ್ದವರು, 2018ರಲ್ಲಿ ಮರಳಿ, 38ನೇ ವಯಸ್ಸಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲಿ ಇಟಲಿಯ ವಿರುದ್ಧ ಆರು ಇನಿಂಗ್ಸ್ ಎಸೆದು ಒಂದೇ ಹಿಟ್ ಕೊಟ್ಟು ಒಂಬತ್ತು ಸ್ಟ್ರೈಕ್‌ಔಟ್ ಪಡೆದರು. ಅಲ್ಲಿಯೂ ಫೈನಲ್‌ನಲ್ಲಿ ಜಪಾನ್ ಗೆದ್ದು, ಅವರಿಗೆ ಬೆಳ್ಳಿ ದಕ್ಕಿತು.

ಆ ವಯಸ್ಸಿನಲ್ಲಿ ಅದು ಸಾಧ್ಯವಾದದ್ದು ತೋಳಿನ ಬಲಕ್ಕಿಂತ ತಿರುವನ್ನು ನೆಚ್ಚಿದ್ದರಿಂದ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಡ್ರಾಪ್ ಮತ್ತು ನಿಧಾನಗತಿಯ ಮೋಸದ ಎಸೆತವಾದ ಚೇಂಜ್‌ಅಪ್ ಎರಡೂ ಹೇಳಿದ ಜಾಗಕ್ಕೆ ಬೀಳುವ ತನಕ ನಾನು ಯಾರಿಗೂ ಮೇಲೇರುವಂತೆ ಕಾಣುವ ರೈಸ್‌ಬಾಲ್‌ನ ಹಿಡಿತ ತೋರಿಸುವುದಿಲ್ಲ, ತಂದೆತಾಯಂದಿರು ಎಷ್ಟೇ ಒತ್ತಾಯಿಸಿದರೂ.