ಹಳೆಯ ಕಾರಿನ ಸೀಟು: ತಳದಿಂದ ಮೇಲಕ್ಕೆ

ಸೀಟು ಹರಿದಿದೆ ಎಂದಾಗ ಎಲ್ಲರ ಕಣ್ಣು ಹೋಗುವುದು ರೆಕ್ಸಿನ್ ಮೇಲೆ. ಯಾವ ಬಣ್ಣ, ಎಂಥ ಗೀರು (ಮೇಲೆ ಕಾಣುವ ಹೊಲಿಗೆಯ ಉದ್ದ ಸಾಲು) ಎಂಬ ಮಾತೇ ಮೊದಲು. ಆದರೆ ಕವರ್ ಹಾಳಾಗುವುದು ಬಹುಪಾಲು ಒಳಗಿನಿಂದ. ಸ್ಪ್ರಿಂಗ್ ಒಂದು ಕಡೆ ಕುಸಿದು, ಅದರ ಮೇಲಿನ ಗೋಣಿಬಟ್ಟೆ ತೂತಾಗಿ, ಮೆತ್ತೆ ಪುಡಿಪುಡಿಯಾದ ಮೇಲೆ ಕೂತವರ ಭಾರವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಹತ್ತಿ ಇಳಿಯುವ ಬದಿಯ ಹೊಲಿಗೆ ಮೊದಲು ಬಿಟ್ಟುಕೊಳ್ಳುವುದು ಇದಕ್ಕೇ. ತಳ ಸರಿಮಾಡದೆ ಮೇಲೆ ಹೊಸ ಕವರ್ ಎಳೆದರೆ ಅದೂ ಅದೇ ಜಾಗದಲ್ಲಿ ಹರಿಯುತ್ತದೆ. ಹಾಗಾಗಿ ಕೆಲಸವನ್ನು ಕೆಳಗಿನಿಂದ ಶುರುಮಾಡಿದೆ.

ಮುಂದೆ ಎರಡು ಬಿಡಿ ಸೀಟು, ಹಿಂದೆ ಒಂದು ಬೆಂಚು. ಉಕ್ಕಿನ ಚೌಕಟ್ಟು, ಸುರುಳಿ ಸ್ಪ್ರಿಂಗ್, ಅದರ ಮೇಲೆ ಗೋಣಿಬಟ್ಟೆ, ರಬ್ಬರ್ ಲೇಪಿಸಿದ ನಾರಿನ ಮೆತ್ತೆ, ಕೊನೆಗೆ ರೆಕ್ಸಿನ್. ಎಷ್ಟೋ ಹಳೆಯ ಕಾರುಗಳಲ್ಲಿ ಸೀಟಿನ ಕಟ್ಟಣೆ ಇದೇ. ಕೆಲವು ಕಾರುಗಳಲ್ಲಿ ಸ್ಪ್ರಿಂಗ್ ಬದಲು ರಬ್ಬರ್ ಪಟ್ಟಿ ಇರುತ್ತದೆ. ಅಲ್ಲಿ ತಳದ ಕೆಲಸ ಬೇರೆ, ಮೇಲಿನದೆಲ್ಲ ಒಂದೇ.

ಸೀಟಿನ ಹಳಿ ಹಿಡಿದಿರುವ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಟ್ಟೆ. ಕಾರಿನ ಅಡಿಗೆ ಇಣುಕಿ, ಬೋಲ್ಟಿನ ತುದಿ ಹೊರಗೆ ಕಾಣುತ್ತಿದ್ದರೆ ಅಲ್ಲಿನ ಮಣ್ಣು, ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯಬೇಕು. ಇಲ್ಲದಿದ್ದರೆ ಆ ಕೊಳೆಯೇ ನಟ್ಟಿನ ತಿರುಪಿನೊಳಗೆ ಸಿಕ್ಕಿಕೊಂಡು, ನೆಲಕ್ಕೆ ಬೆಸೆದ ನಟ್ಟೇ ಕಿತ್ತು ಬರುತ್ತದೆ. ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿದ್ದರೆ ಸೀಟು ಎತ್ತಿದ ಕೂಡಲೇ, ಮಿಕ್ಕ ಕೆಲಸಕ್ಕೆ ಮೊದಲು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಬ್ಯಾಟರಿ ಇರುವುದು ಅಲ್ಲಿಯೇ. ಜೋತುಬಿದ್ದ ಸ್ಪ್ರಿಂಗ್ ಬ್ಯಾಟರಿಯ ಟರ್ಮಿನಲ್‌ಗೆ ತಾಗಿದರೆ ಕಾದು ಕೆಂಪಾಗಿ ಮೇಲಿನ ನಾರಿಗೆ ಬೆಂಕಿ ಹತ್ತುತ್ತದೆ. ಬ್ಯಾಟರಿಯ ಮೇಲಿನ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕದೆ ಸೀಟು ಕೂರಿಸಲೇಬಾರದು.

ಮುಂದಿನ ಎರಡು ಸೀಟುಗಳನ್ನು ಒಟ್ಟಿಗೆ ಬಿಚ್ಚಲಿಲ್ಲ. ಒಂದನ್ನು ಪೂರ್ತಿ ಮುಗಿಸುವವರೆಗೆ ಇನ್ನೊಂದು ಮಾದರಿಯಾಗಿ ಪಕ್ಕದಲ್ಲೇ ಇತ್ತು. ಫೋಟೊ ಎಷ್ಟು ತೆಗೆದರೂ, ಮೂಲೆಯ ಮಡಿಕೆ ಯಾವ ಕಡೆಗೆ ಮಡಚಿದೆ ಎಂಬುದನ್ನು ಕೈಯಿಂದ ಮುಟ್ಟಿ ನೋಡಿದರೇ ತಿಳಿಯುವುದು. ಕವರನ್ನು ಚೌಕಟ್ಟಿಗೆ ಹಿಡಿದಿರುವ ಹಾಗ್ ರಿಂಗ್‌ಗಳನ್ನು (ಇಕ್ಕಳದಿಂದ ಒತ್ತಿ ಮುಚ್ಚುವ ಪುಟ್ಟ ತಂತಿ ಉಂಗುರ) ಕತ್ತರಿ ಇಕ್ಕಳದಿಂದ ಒಂದೊಂದಾಗಿ ತುಂಡರಿಸಿ, ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿದೆ. ಕೊನೆಗೆ ಎಣಿಸಿದರೆ ಹೊಸವು ಎಷ್ಟು ಬೇಕು ಎಂಬ ಲೆಕ್ಕ ಸಿಗುತ್ತದೆ, ಜೊತೆಗೆ ಚೂಪಾದ ತುಂಡು ಮೆತ್ತೆಯೊಳಗೆ ಉಳಿಯುವುದಿಲ್ಲ. ಹಳೆಯ ನಾರು, ಫೋಮ್ ಎರಡರ ಧೂಳೂ ಗಂಟಲಿಗೆ ಕೆಟ್ಟದ್ದು. ಮುಖಗವಸು ಹಾಕಿಕೊಂಡು ಬಯಲಲ್ಲಿ ಬಿಚ್ಚುವುದು ಒಳ್ಳೆಯದು. ಕವರಿನೊಳಗೆ ಬಟ್ಟೆಯ ಕೊಳವೆಯಂತೆ ಹೊಲಿದ ಪಟ್ಟಿ, ಅದರಲ್ಲಿ ತಂತಿ ಇರುತ್ತದೆ. ಆ ತಂತಿ ಎಸೆಯಬಾರದು, ಹೊಸ ಕವರಿಗೂ ಅದೇ ಬೇಕು.

ಚೌಕಟ್ಟಿನ ತುಕ್ಕು ಕೆರೆದು, ತುಕ್ಕು ಪರಿವರ್ತಕ ಬಳಿದು, ಪ್ರೈಮರ್, ಬಣ್ಣ ಹಚ್ಚಿ ಒಂದು ದಿನ ಒಣಗಲು ಬಿಟ್ಟೆ. ಬಿರುಕು ಬಿಟ್ಟ ಚೌಕಟ್ಟಿಗೆ ವೆಲ್ಡಿಂಗ್ ಸರಿ. ತುಂಡಾದ ಸ್ಪ್ರಿಂಗಿಗೆ ಮಾತ್ರ ಬೇಡ: ಕಾದ ಜಾಗದಲ್ಲಿ ಉಕ್ಕಿನ ಬಿಗುವು ಹೋಗಿ, ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಅಂಥದ್ದನ್ನು ಬದಲಿಸಬೇಕು. ಬಾಗಿದ ಸುರುಳಿಗಳನ್ನು ನೇರ ಮಾಡಿ, ಅಕ್ಕಪಕ್ಕದವಕ್ಕೆ ಗಟ್ಟಿ ಹುರಿಯಿಂದ ಕಟ್ಟಿದೆ. ರಬ್ಬರ್ ಪಟ್ಟಿಯ ಸೀಟಾದರೆ ಪಟ್ಟಿಯನ್ನು ಅದರ ಉದ್ದದ ಹತ್ತನೇ ಒಂದು ಭಾಗದಷ್ಟು ಹಿಗ್ಗಿಸಿ ಸಿಕ್ಕಿಸಿದರೆ ಸಾಕು; ಜಾಸ್ತಿ ಎಳೆದರೆ ಹಲಗೆಯ ಮೇಲೆ ಕೂತಂತಾಗುತ್ತದೆ.

ಸ್ಪ್ರಿಂಗ್ ಮೇಲೆ ದಪ್ಪ ಗೋಣಿಬಟ್ಟೆ ಎರಡು ಪದರ. ಅಂಚನ್ನು 25 ಮಿ.ಮೀ. ಒಳಮಡಚಿ, ಸುತ್ತಲಿನ ತಂತಿಗೆ ಹಾಗ್ ರಿಂಗ್ ಹಾಕಿದೆ. ಈ ಪದರ ಕಣ್ಣಿಗೆ ಬೀಳುವುದಿಲ್ಲವೆಂದು ಬಿಡುವವರಿದ್ದಾರೆ. ಗೋಣಿಯಿಲ್ಲದ ಸೀಟಿನಲ್ಲಿ ಪ್ರತಿ ಸುರುಳಿಯೂ ಫೋಮನ್ನು ಉಂಗುರದಾಕಾರದಲ್ಲಿ ಕೊರೆಯುತ್ತ ಹೋಗುತ್ತದೆ. ಎಷ್ಟೇ ಒಳ್ಳೆಯ ಫೋಮ್ ಆದರೂ ಅದರ ಮುಂದೆ ಉಳಿಯದು.

ನಾರಿನ ಮೆತ್ತೆ ಗಟ್ಟಿಯಾಗಿದ್ದರೆ ಉಳಿಸಿಕೊಳ್ಳುವುದೇ ನನಗಿಷ್ಟ. ಅದರಲ್ಲಿ ಗಾಳಿಯಾಡುತ್ತದೆ, ಕಾರಿನ ಮೂಲ ಕೂರುವಿಕೆಯೂ ಅದೇ. ಪುಡಿಯಾಗಿದ್ದರೆ ಫೋಮ್. ಇಲ್ಲಿ ಒಂದು ಗೊಂದಲ ಯಾವಾಗಲೂ ಬರುತ್ತದೆ: ಸಾಂದ್ರತೆ ಬೇರೆ, ಗಡಸುತನ ಬೇರೆ. ಸಾಂದ್ರತೆ ಹೇಳುವುದು ಫೋಮ್ ಎಷ್ಟು ಕಾಲ ಆಕಾರ ಬಿಡದೆ ಇರುತ್ತದೆ ಎಂದು. ಗಡಸುತನ ಹೇಳುವುದು ಕೂತಾಗ ಎಷ್ಟು ಒತ್ತುತ್ತದೆ ಎಂದು. ಸಾಂದ್ರತೆ ಕಮ್ಮಿಯಿದ್ದು ಗಡುಸಾದ ಫೋಮ್ ಅಂಗಡಿಯಲ್ಲಿ ಬೆರಳಿಂದ ಒತ್ತಿ ನೋಡಿದರೆ ಗಟ್ಟಿಯೆನಿಸಿ, ಕೆಲವೇ ತಿಂಗಳಲ್ಲಿ ಕುಳಿಬೀಳುತ್ತದೆ. ಕೂರುವ ಭಾಗಕ್ಕೆ ಘನಮೀಟರಿಗೆ 40 ಕೆ.ಜಿ. ಸಾಂದ್ರತೆಯ, ಒತ್ತಿದರೆ ಚುರುಕಾಗಿ ಮೇಲೇಳುವ ಫೋಮ್ 60 ಮಿ.ಮೀ. ದಪ್ಪ ಹಾಕಿದೆ. ಬೆನ್ನಿಗೆ 32 ಕೆ.ಜಿ.ಯದು, 40 ಮಿ.ಮೀ.

ದಪ್ಪ ನಿಶ್ಚಯಿಸುವ ಮೊದಲು ಫೋಮನ್ನು ಬರಿ ಚೌಕಟ್ಟಿನ ಮೇಲಿಟ್ಟು, ಸೀಟನ್ನು ಕಾರಿನೊಳಗೆ ಕೂರಿಸಿ ಕೂತು ನೋಡಬೇಕು. ಕುಸಿದ ಸೀಟಿಗೆ ಒಗ್ಗಿಹೋದವರಿಗೆ ಹೊಸ ಮೆತ್ತೆ ಎತ್ತರವೆನಿಸುವುದು ಸಹಜ. ಆದರೆ ತಲೆ ಚಾವಣಿಗೆ ತಾಗಿದರೆ, ತೊಡೆ ಸ್ಟೀರಿಂಗಿಗೆ ಒತ್ತಿದರೆ, ಕ್ಲಚ್ ತುಳಿಯಲು ಮಂಡಿ ಎತ್ತಬೇಕಾಗಿ ಬಂದರೆ ದಪ್ಪ ಜಾಸ್ತಿಯಾಗಿದೆ ಎಂದೇ ಅರ್ಥ. ಕವರ್ ಹಾಕಿದ ಮೇಲೆ ತಿಳಿದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು.

ಫೋಮ್ ಕತ್ತರಿಸಲು ಉದ್ದನೆಯ ಗರಗಸದಲುಗಿನ ಚಾಕು ಸಾಕು. ಕತ್ತರಿ ಬೇಡ, ಅದು ಅಂಚನ್ನು ಹಿಸುಕಿ ಓರೆ ಮಾಡುತ್ತದೆ. ಸುತ್ತ 10 ಮಿ.ಮೀ. ದೊಡ್ಡದಾಗಿಯೇ ಕತ್ತರಿಸಿದೆ, ಏಕೆಂದರೆ ಒತ್ತಡದಲ್ಲಿರುವ ಫೋಮ್ ಮಾತ್ರ ಕವರನ್ನು ತುಂಬಿ ನಿಲ್ಲುತ್ತದೆ. ಫೋಮ್ ತುಂಡುಗಳನ್ನು ಜೋಡಿಸುವಲ್ಲಿ ಅಂಟನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಮೆತ್ತದಷ್ಟು ಆರಿದ ಮೇಲೆ ಕೂಡಿಸಬೇಕು. ಮೇಲ್ಮೈಗೆ ಹತ್ತಿರದ ಅಂಚಿನಲ್ಲಿ 20 ಮಿ.ಮೀ. ಜಾಗಕ್ಕೆ ಅಂಟು ಬೇಡ. ಒಣಗಿದ ಅಂಟಿನ ಗೆರೆ ಗಟ್ಟಿಯಾಗಿ ಕವರಿನ ಮೇಲೆ ಉಬ್ಬಿ ಕಾಣುತ್ತದೆ.

ಇನ್ನು ಅಳತೆ. ಹಳೆಯ ಕವರೇ ನಕ್ಷೆ, ಆದರೆ ಅದನ್ನು ಪೂರ್ತಿ ನಂಬುವಂತಿಲ್ಲ. ರೆಕ್ಸಿನ್ ವರ್ಷಗಳಲ್ಲಿ ಮೃದುತ್ವ ಕಳೆದುಕೊಂಡು ಕುಗ್ಗಿರುತ್ತದೆ. ಚರ್ಮವಾದರೆ ಕೂತಲ್ಲಿ ಹಿಗ್ಗಿರುತ್ತದೆ. ಹೊಲಿಗೆ ಬಿಚ್ಚುವ ಮೊದಲೇ ಪ್ರತಿ ತುಂಡಿಗೂ ಹೆಸರು, ನಡುಗೆರೆ, ಪಕ್ಕದ ತುಂಡಿಗೆ ಕೂಡುವ ಜಾಗದಲ್ಲಿ ಪ್ರತಿ 80 ಮಿ.ಮೀ.ಗೆ ಅಡ್ಡಗೀಟು ಬರೆದೆ. ದಪ್ಪ ಕಾಗದಕ್ಕೆ ಇಳಿಸಿ, ಹೊಸ ಮೆತ್ತೆಯ ಮೇಲಿಟ್ಟು ಸರಿನೋಡಿ, ಹೊಲಿಗೆಗೆ 12 ಮಿ.ಮೀ. ಬಿಟ್ಟೆ. ಅಡ್ಡಗೀಟು ಇಲ್ಲದೆ ಹೊಲಿದರೆ ಕೆಳಗಿನ ಪದರ ನಿಧಾನಕ್ಕೆ ಜಾರಿ, ಕೊನೆಗೆ ಒಂದು ಕಡೆ ಉಳಿದು ಸೀಟೇ ತಿರುಚಿಕೊಳ್ಳುತ್ತದೆ.

ಉದ್ದ ಗೀರುಗಳಿರುವ ನಡುಭಾಗವನ್ನು ಅಳತೆಗೆ ಕತ್ತರಿಸಿ ಆಮೇಲೆ ಹೊಲಿಯುವುದು ದೊಡ್ಡ ತಪ್ಪು. ಪ್ರತಿ ಗೀರೂ 2–3 ಮಿ.ಮೀ. ಬಟ್ಟೆ ನುಂಗುತ್ತದೆ, ಹತ್ತು ಗೀರಿಗೆ ಅದೇ 20–30 ಮಿ.ಮೀ. ಆಯಿತು. ದೊಡ್ಡ ತುಂಡಿನ ಅಡಿಗೆ 10 ಮಿ.ಮೀ. ಫೋಮ್, ಅದರಡಿಗೆ ತೆಳುಬಟ್ಟೆ ಇಟ್ಟು, ನಡುಗೆರೆಯಿಂದ ಎರಡೂ ಬದಿಗೆ ಗೀರು ಹೊಲಿದು ಮುಗಿಸಿ, ಆಮೇಲೆ ನಕ್ಷೆಯಿಟ್ಟು ಕತ್ತರಿಸಿದೆ.

ಮೇಲಿನ ಪಾದವೂ ಬಟ್ಟೆಯೊಂದಿಗೆ ನಡೆಯುವ ಭಾರಿ ಹೊಲಿಗೆ ಯಂತ್ರ, 18ನೇ ನಂಬರಿನ ಸೂಜಿ, ಗಟ್ಟಿ ಪಾಲಿಯೆಸ್ಟರ್ ದಾರ. ನೈಲಾನ್ ಬಲವಾದದ್ದೇ, ಆದರೆ ಬಿಸಿಲಿಗೆ ಪಾಲಿಯೆಸ್ಟರ್ ಹೆಚ್ಚು ತಡೆಯುತ್ತದೆ. ಹೊಲಿಗೆಯ ಉದ್ದ 4 ಮಿ.ಮೀ. ಚಿಕ್ಕ ಹೊಲಿಗೆ ಗಟ್ಟಿ ಎಂಬ ನಂಬಿಕೆ ಬಟ್ಟೆಗೆ ಸರಿ, ರೆಕ್ಸಿನ್‌ಗೆ ಅಲ್ಲ. ತೂತುಗಳು ಒತ್ತೊತ್ತಾದರೆ ಅಂಚೆಚೀಟಿಯಂತೆ ಗೆರೆಗುಂಟ ಹರಿಯುತ್ತದೆ. ಬಿದ್ದ ತೂತು ಮುಚ್ಚುವುದೂ ಇಲ್ಲ, ಆದ್ದರಿಂದ ಗುಂಡುಪಿನ್ ಬದಲು ಕ್ಲಿಪ್ ಬಳಸಬೇಕು. ಹೊಲಿಗೆಯ ಅಂಚಿನಲ್ಲಿ ಹುರಿಯಂತೆ ಎದ್ದು ಕಾಣುವ ಪೈಪಿಂಗಿಗೆ 40 ಮಿ.ಮೀ. ಅಗಲದ ಪಟ್ಟಿ, ಒಳಗೆ 4 ಮಿ.ಮೀ. ಹುರಿ. ತಿರುವುಗಳಲ್ಲಿ ಪಟ್ಟಿಯ ಅಂಚಿಗೆ 8 ಮಿ.ಮೀ.ಗೊಂದು ಸೀಳು ಹಾಕಿ, ಸೀಳು ಹೊಲಿಗೆಗಿಂತ 3 ಮಿ.ಮೀ. ಈಚೆಗೇ ನಿಲ್ಲುವಂತೆ ನೋಡಿಕೊಂಡೆ. 137 ಸೆಂ.ಮೀ. ಅಗಲದ ರೆಕ್ಸಿನ್, ಮೂರು ಸೀಟಿಗೂ ಪೈಪಿಂಗಿಗೂ ಸೇರಿ 6 ಮೀಟರ್ ಬೇಕಾಯಿತು. ಎಲ್ಲ ತುಂಡುಗಳ ಮೇಲ್ಮೈ ಗೆರೆ ಒಂದೇ ದಿಕ್ಕಿಗಿರಬೇಕು. ಅಡ್ಡ ತಿರುಗಿಸಿ ಉಳಿಸಿದ ತುಂಡು ಬೆಳಕಿಗೆ ಬೇರೆ ಬಣ್ಣವಾಗಿ ಕಾಣುತ್ತದೆ.

ಕವರ್ ಏರಿಸುವ ದಿನ ಬಿಸಿಲಿರಬೇಕು. ಅರ್ಧ ಗಂಟೆ ಬಿಸಿಲಲ್ಲಿಟ್ಟ ರೆಕ್ಸಿನ್ ಕೈಮಾತು ಕೇಳುತ್ತದೆ. ಬಿಸಿಗಾಳಿ ಗನ್ ಬಳಸಿದರೆ ಒಂದೇ ಕಡೆ ನಿಲ್ಲಿಸಬಾರದು, ಮೇಲ್ಮೈ ಹೊಳಪೆದ್ದರೆ ಮತ್ತೆ ಸರಿಹೋಗದು. ಫೋಮ್ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಕವರ್ ಸಲೀಸಾಗಿ ಜಾರುತ್ತದೆ. ಒಳಗಿನ ತಂತಿಗಳನ್ನು ಮೊದಲು ಫೋಮಿನ ಸೀಳಿನ ಮೂಲಕ ಸ್ಪ್ರಿಂಗಿಗೆ ಬಿಗಿಯಬೇಕು, ಇಲ್ಲವಾದರೆ ತಗ್ಗಿನ ಮೇಲೆ ಕವರ್ ಡೇರೆಯಂತೆ ಎದ್ದು ನಿಲ್ಲುತ್ತದೆ. ಆಮೇಲೆ ಮುಂದಿನ ನಡು, ಹಿಂದಿನ ನಡು, ಎರಡು ಬದಿಗಳ ನಡು, ಕೊನೆಗೆ ಮೂಲೆ. ಹಾಗ್ ರಿಂಗ್‌ಗಳನ್ನು 50 ಮಿ.ಮೀ. ಅಂತರದಲ್ಲಿ, ಮೊದಲ ಸುತ್ತಿನಲ್ಲಿ ಅರ್ಧ ಮುಚ್ಚಿ ಬಿಟ್ಟೆ.

ಸುಕ್ಕು ಬಿದ್ದರೆ ಎಳೆಯುವ ಮೊದಲು ಅದರ ದಿಕ್ಕು ನೋಡಬೇಕು. ಮೂಲೆಯ ಕಡೆಗೆ ಓಡುವ ಸುಕ್ಕು ಮೂಲೆಯಲ್ಲಿ ಮೆತ್ತೆ ಸಾಲದೆಂದು ಹೇಳುತ್ತದೆ. ಅಲ್ಲಿ ಪಾಲಿಯೆಸ್ಟರ್ ಅರಳೆ ತುಂಬಬೇಕು. ಹೊಲಿಗೆಗೆ ಸಮನಾಗಿ ಓಡಿದರೆ ಕವರ್ ಅಗಲವಾಗಿದೆ. ಇಡೀ ಸೀಟಿಗೆ ಓರೆಯಾಗಿ ಓಡಿದರೆ ನಡುಗೆರೆ ತಪ್ಪಿದೆ, ರಿಂಗ್ ತೆಗೆದು ಮೊದಲಿನಿಂದ ಕೂರಿಸದೆ ಬೇರೆ ದಾರಿಯಿಲ್ಲ.

ಹಳಿಗೆ ಗ್ರೀಸ್ ಹಚ್ಚಿ, ಬೋಲ್ಟು ಬಿಗಿದು, ಸೀಟು ಹಿಂದೆ ಮುಂದೆ ಸರಿದು ಪ್ರತಿ ಹಲ್ಲಿನಲ್ಲೂ ಕಚ್ಚಿ ನಿಲ್ಲುತ್ತದೆಯೇ ಎಂದು ತಳ್ಳಿ ನೋಡಿದೆ. ಎರಡು ವಾರ ಓಡಿಸಿದ ಮೇಲೆ ಸೀಟು ಹೊರಗೆ ತೆಗೆದು ತಳ ನೋಡಿದಾಗ ಮುಂದಿನ ಅಂಚಿನಲ್ಲಿ ಕವರ್ ಸ್ವಲ್ಪ ಸಡಿಲಾಗಿತ್ತು. ಫೋಮ್ ಕೂತುಕೊಂಡಿದ್ದಕ್ಕೆ ಹಾಗಾಗುತ್ತದೆ. ಆ ಸಾಲಿನ ರಿಂಗ್‌ಗಳನ್ನಷ್ಟೇ ತೆಗೆದು, 5 ಮಿ.ಮೀ. ಎಳೆದು ಹೊಸವು ಹಾಕಿದೆ.